ಓದು ಮುಗಿಯುವ ಮುನ್ನ: ಕೈಯಲ್ಲಿರುವ ಪುಸ್ತಕದ ಬಗ್ಗೆ ಅಭಿಪ್ರಾಯ ಹಂಚಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಪುಸ್ತಕವನ್ನು ಓದಿ ಮುಗಿಸಿದವರು ಹೇಳುವ ಮಾತಿಗೆ ನಮ್ಮಲ್ಲಿ ವಿಮರ್ಶೆ ಎಂಬ ಹೆಸರಿದೆ, ಪತ್ರಿಕೆಗಳಲ್ಲಿ ಅದಕ್ಕೆ ಜಾಗವಿದೆ, ಸಭೆಗಳಲ್ಲಿ ವೇದಿಕೆಯೂ ಇದೆ. ಇನ್ನೂ ಓದುತ್ತಿರುವವರ ಮಾತಿಗೆ ಈ ಯಾವ ಮರ್ಯಾದೆಯೂ ಸಿಕ್ಕಿಲ್ಲ. "ಮೊದಲು ಪೂರ್ತಿ ಓದಿ, ಆಮೇಲೆ ಮಾತಾಡೋಣ" ಎಂದು ಅವರ ಬಾಯಿ ಮುಚ್ಚಿಸುವುದೇ ರೂಢಿ. ಆದರೆ ಹಿಂದೆ ಕಾವ್ಯವನ್ನು ರಾಗವಾಗಿ ಓದುವ ಗಮಕ ಕಾರ್ಯಕ್ರಮಕ್ಕೆ ಹೋದವರು ಆ ದಿನ ಓದಿದ ಸಂಧಿಯ ಬಗ್ಗೆ ಮನೆ ಸೇರುವವರೆಗೂ ಚರ್ಚಿಸುತ್ತಿದ್ದರು. ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದಾಗ ಮುಂದಿನ ಸಂಚಿಕೆ ಕೈಗೆ ಬರುವ ಮೊದಲೇ ಕಥಾನಾಯಕಿಯ ಪರವಾಗಿಯೂ ವಿರುದ್ಧವಾಗಿಯೂ ಮನೆಮನೆಯಲ್ಲಿ ವಾದಗಳಾಗುತ್ತಿದ್ದವು. ಅವರು ಯಾರೂ ಕೊನೆಯ ಪುಟಕ್ಕಾಗಿ ಕಾದಿರಲಿಲ್ಲ. ಓದಿನ ನಡುವಿನ ಅಭಿಪ್ರಾಯಕ್ಕೆ ತನ್ನದೇ ಬೆಲೆಯಿದೆ ಎಂಬುದೇ ಈ ಬರಹದ ನಿಲುವು. ಮುಗಿಸಿದವನಿಗೆ ಕೊನೆ ಗೊತ್ತಿರುವುದರಿಂದ ನಡುವೆ ತನಗೆ ಬಂದಿದ್ದ ಬೇಸರ, ಅನುಮಾನ, ತಪ್ಪು ಊಹೆಗಳೆಲ್ಲ ಅಳಿಸಿಹೋಗಿರುತ್ತವೆ. ಪುಸ್ತಕವು ಓದುಗನ ಮೇಲೆ ಹೇಗೆ ಕೆಲಸ ಮಾಡಿತೆಂಬುದನ್ನು ಅದು ಕೆಲಸ ಮಾಡುತ್ತಿರುವಾಗಲೇ ಹಿಡಿದಿಡಬೇಕಾಗುತ್ತದೆ.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ವಿವರಿಸಲಾಗಿದೆ. ಕನ್ನಡದ ದೊಡ್ಡ ಲೇಖಕರಲ್ಲಿ ಹಲವರು ಹುಟ್ಟಿದ್ದೋ ಬದುಕಿದ್ದೋ ಈ ನೆಲದಲ್ಲಿ. ಆದ್ದರಿಂದ ಇಲ್ಲಿಯವರಿಗೆ ಬೇರೆ ಕಡೆಯ ಓದುಗರಿಗಿಲ್ಲದ ಕೆಲವು ಅನುಕೂಲಗಳಿವೆ, ಕೆಲವು ತೊಡಕುಗಳೂ ಇವೆ.

ಮೊದಲು, ಎಲ್ಲಿದ್ದೀರಿ ಎಂದು ಹೇಳಿ

ಅಭಿಪ್ರಾಯಕ್ಕಿಂತ ಮುಂಚೆ ವಿಳಾಸ ಬರಬೇಕು. ಪುಸ್ತಕದ ಹೆಸರು, ಲೇಖಕರು, ಎಷ್ಟು ಓದಿದ್ದೀರಿ, ಇದು ಮೊದಲ ಓದೋ ಮರು ಓದೋ, ಮೂಲವನ್ನು ಓದುತ್ತಿದ್ದೀರೋ ಅನುವಾದವನ್ನೋ ಎಂಬ ವಿವರಗಳನ್ನು ಒಂದೆರಡು ವಾಕ್ಯಗಳಲ್ಲಿ ತಿಳಿಸಿದರೆ ಕೇಳುವವರು ನಿಮ್ಮ ಮಾತನ್ನು ಎಷ್ಟರಮಟ್ಟಿಗೆ ತೆಗೆದುಕೊಳ್ಳಬೇಕೆಂದು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಪುಟಸಂಖ್ಯೆಯನ್ನು ಮಾತ್ರ ನಂಬಬಾರದು. ಕನ್ನಡದ ಜನಪ್ರಿಯ ಕಾದಂಬರಿಗಳು ಮರುಮುದ್ರಣವಾಗುತ್ತಲೇ ಇರುತ್ತವೆ, ಅಕ್ಷರದ ಗಾತ್ರವೂ ಪುಟದ ಅಳತೆಯೂ ಬದಲಾಗಿ ಒಬ್ಬರ ನೂರನೆಯ ಪುಟ ಇನ್ನೊಬ್ಬರಿಗೆ ನೂರಿಪ್ಪತ್ತನೆಯದಾಗಿರುತ್ತದೆ. ಮೊಬೈಲಿನಲ್ಲಿ ಓದುವವರಿಗಂತೂ ಅಕ್ಷರ ದೊಡ್ಡದು ಮಾಡಿದಂತೆಲ್ಲ ಪುಟಗಳು ಹೆಚ್ಚುತ್ತವೆ. ಅಧ್ಯಾಯದ ಸಂಖ್ಯೆಯನ್ನು ಹೇಳಿ, ಜೊತೆಗೆ ಅಲ್ಲಿ ನಡೆಯುತ್ತಿರುವ ಒಂದು ಸಣ್ಣ ಸಂಗತಿಯನ್ನು ಸೇರಿಸಿದರೆ ಗೊಂದಲವಿರುವುದಿಲ್ಲ.

ಅನುವಾದದ ವಿಷಯವನ್ನು ಹೇಳಲೇಬೇಕಾದ ಉದಾಹರಣೆ ಹಾಸನದಲ್ಲೇ ಇದೆ. ಹಾಸನದ ವಕೀಲರೂ ಲೇಖಕಿಯೂ ಆದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಆ ಹನ್ನೆರಡು ಕತೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದವು. ಇಂಗ್ಲಿಷ್ ಪುಸ್ತಕವನ್ನು ಹಿಡಿದವರು ಅನುವಾದಕಿಯ ಆಯ್ಕೆಯನ್ನೂ ಅವರ ಭಾಷೆಯನ್ನೂ ಓದುತ್ತಿರುತ್ತಾರೆ. ಕನ್ನಡದ ಕಥಾಸಂಕಲನ ಹಿಡಿದವರಿಗೆ ಅದೇ ಕತೆಗಳು ಬೇರೆ ಸಂಗಾತಿಗಳ ನಡುವೆ, ಬೇರೆ ಧಾಟಿಯಲ್ಲಿ ಸಿಗುತ್ತವೆ. ಯಾವುದನ್ನು ಓದುತ್ತಿದ್ದೇವೆಂದು ಹೇಳದೆ ಇಬ್ಬರೂ ವಾದಕ್ಕೆ ಕುಳಿತರೆ ಅರ್ಧ ಗಂಟೆ ವ್ಯರ್ಥವಾಗುವುದು ಖಚಿತ. ಪ್ರಶಸ್ತಿಯ ಬಗೆಗಿನ ಅಭಿಪ್ರಾಯ ಬೇರೆ, ಕತೆಯ ಬಗೆಗಿನ ಅಭಿಪ್ರಾಯ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಓದುವಾಗಲೇ ಚೀಟಿ ಬರೆಯಿರಿ

ಎರಡನೆಯ ಹಂತ ಟಿಪ್ಪಣಿ. ಗ್ರಂಥಾಲಯದ ಪುಸ್ತಕದ ಅಂಚಿನಲ್ಲಿ ಬರೆಯುವುದು ಸಲ್ಲದು. ಹಿಂದಿನ ಓದುಗರು ಪೆನ್ಸಿಲಿನಲ್ಲಿ ಬರೆದಿಟ್ಟ ಜಗಳಗಳನ್ನು ಓದುವುದರಲ್ಲಿ ಒಂದು ರುಚಿಯಿದೆಯಾದರೂ ಆ ಪದ್ಧತಿಯನ್ನು ಮುಂದುವರಿಸಬೇಕಾಗಿಲ್ಲ. ಅಂಗೈಯಗಲದ ಕಾಗದದ ಚೀಟಿ ಸಾಕು. ಬೇಲೂರಿನಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರು ಟಿಕೆಟ್ಟಿನ ಹಿಂದೆ ನಾಲ್ಕು ಮಾತು ಗೀಚಿ ಅದನ್ನೇ ಪುಟದ ಗುರುತಾಗಿ ಇಟ್ಟುಕೊಳ್ಳಬಹುದು.

ಏನನ್ನು ಬರೆಯಬೇಕೆಂಬುದು ಮುಖ್ಯ. ಒಳ್ಳೆಯ ವಾಕ್ಯಗಳನ್ನು ನಕಲು ಮಾಡುವ ಅಭ್ಯಾಸ ಬಹುಮಂದಿಗಿದೆ, ಅದು ಕೆಟ್ಟದ್ದೇನಲ್ಲ. ಆದರೆ ಅಭಿಪ್ರಾಯ ಹಂಚಿಕೊಳ್ಳಲು ಅದು ಹೆಚ್ಚು ಒದಗುವುದಿಲ್ಲ. ಬದಲಿಗೆ ನಿಮ್ಮ ಓದು ಎಲ್ಲಿ ನಿಂತಿತು, ಎಲ್ಲಿ ಹಿಂದಿನ ಪುಟಕ್ಕೆ ಮರಳಬೇಕಾಯಿತು, ಎಲ್ಲಿ ಪುಟಗಳನ್ನು ಹಾರಿಸುವ ಆಸೆ ಬಂತು, ಮುಂದೆ ಏನಾಗುತ್ತದೆಂದು ಊಹಿಸಿದಿರಿ ಎಂಬುದನ್ನು ದಿನಾಂಕದೊಂದಿಗೆ ಗುರುತು ಹಾಕಿಕೊಳ್ಳಿ. ಇವುಗಳಲ್ಲಿ ಊಹೆಗೇ ಹೆಚ್ಚು ಬೆಲೆ ಎಂದು ನನ್ನ ಅನಿಸಿಕೆ. ಊಹೆ ಸುಳ್ಳಾದಾಗ ಲೇಖಕರು ನಿಮ್ಮನ್ನು ಬೇಕೆಂದೇ ದಾರಿ ತಪ್ಪಿಸಿದರೋ, ನೀವು ಅವಸರದಿಂದ ಓದಿದಿರೋ ಎಂದು ಹಿಂದಿರುಗಿ ನೋಡುವ ಅವಕಾಶ ಸಿಗುತ್ತದೆ. ಪುಸ್ತಕದ ಕಟ್ಟಡ ಅರ್ಥವಾಗುವುದು ಆಗಲೇ.

ದೊಡ್ಡ ಕಾದಂಬರಿಗಳಿಗೆ ಇನ್ನೊಂದು ಬಗೆಯ ಚೀಟಿಯೂ ಬೇಕು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹಿಡಿದವರಲ್ಲಿ ಬಹಳ ಮಂದಿ ನೂರು ಪುಟ ದಾಟುವ ಮುನ್ನವೇ ಯಾರು ಯಾವ ಮನೆಯವರು, ಯಾರ ಒಕ್ಕಲು, ಯಾರಿಗೆ ಏನಾಗಬೇಕು ಎಂಬುದರಲ್ಲಿ ಕಳೆದುಹೋಗುತ್ತಾರೆ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಎಂದು ಜೋಡಿಗಳನ್ನೂ ಮನೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಅದನ್ನು ಸಹ ಓದುಗರಿಗೆ ಕೊಟ್ಟರೆ, ಅದು ನೀವು ಹೇಳಬಹುದಾದ ಯಾವ ಹೊಗಳಿಕೆಗಿಂತಲೂ ಹೆಚ್ಚು ಉಪಕಾರ.

ಚೀಟಿಯಿಂದ ಮಾತಿಗೆ

ಮೂರನೆಯ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಹಂಚಿಕೊಳ್ಳುವವರಲ್ಲಿ ಬಹುಪಾಲು ಜನ ಇಲ್ಲಿಯೇ ಸೋಲುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪ ಅವರ 'ಗೃಹಭಂಗ'ವನ್ನು (1970) ಅರ್ಧ ಓದಿದ ಒಬ್ಬರು ಹೀಗೆ ಬರೆದರೆಂದು ಇಟ್ಟುಕೊಳ್ಳೋಣ:

"ಗೃಹಭಂಗ ಓದುತ್ತಿದ್ದೇನೆ. ಅದ್ಭುತವಾದ ಕಾದಂಬರಿ. ಮನಸ್ಸಿಗೆ ತುಂಬಾ ತಟ್ಟಿತು. ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪುಸ್ತಕದ ಹೆಸರನ್ನು ತೆಗೆದು ಬೇರೆ ಯಾವುದನ್ನು ಹಾಕಿದರೂ ಮಾತು ಹಾಗೆಯೇ ನಿಲ್ಲುತ್ತದೆ. ಕೇಳಿದವರು "ಹೌದಾ" ಎಂದು ಸುಮ್ಮನಾಗುವುದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲ. ಅದೇ ಓದುಗರು ತಮ್ಮ ಚೀಟಿಗಳನ್ನು ಮುಂದಿಟ್ಟುಕೊಂಡು ಬರೆದರೆ ಹೀಗಾಗಬಹುದು:

"ಗೃಹಭಂಗದ ಮೊದಲ ಓದು, ಅರ್ಧ ಮುಗಿದಿದೆ. ಗಂಡ ಮಾಡಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಬರೆದು ಮನೆ ನಡೆಸುತ್ತಿದ್ದಾಳೆ. ಲೆಕ್ಕ ಬರೆಯುವ ಈ ಭಾಗಗಳಲ್ಲಿ ಲೇಖಕರು ಅವಳ ಕಷ್ಟಕ್ಕಿಂತ ಅವಳ ಬುದ್ಧಿವಂತಿಕೆಯನ್ನು ತೋರಿಸುವುದು ನನಗೆ ಹಿಡಿಸಿತು. ಅತ್ತೆ ಗಂಗಮ್ಮನ ಬೈಗುಳಗಳಿಗೆ ಮೊದಮೊದಲು ನಗು ಬರುತ್ತಿತ್ತು, ಈಗ ಬರುತ್ತಿಲ್ಲ. ಚೆನ್ನಿಗರಾಯನಲ್ಲಿ ಮಾತ್ರ ಹೊಟ್ಟೆಬಾಕತನ ಬಿಟ್ಟು ಬೇರೇನೂ ಕಾಣಿಸುತ್ತಿಲ್ಲ. ಬೇಕೆಂದೇ ಹೀಗೆ ಇಟ್ಟಿದ್ದಾರೋ, ಮುಂದೆ ಅವನ ಒಳಗನ್ನೂ ತೋರಿಸುತ್ತಾರೋ ಎಂದು ಕಾಯುತ್ತಿದ್ದೇನೆ. ಓದಿದವರು ಉತ್ತರ ಹೇಳಬೇಡಿ. ಅರ್ಧಕ್ಕೆ ಬಂದಾಗ ನಿಮಗೂ ಹೀಗೆ ಅನಿಸಿತ್ತೇ ಎಂದಷ್ಟೇ ತಿಳಿಸಿ."

ಎರಡನೆಯದು ಉದ್ದವಾಗಿರುವುದರಿಂದ ಉತ್ತಮವಾಯಿತೆಂದು ತಿಳಿಯಬಾರದು. ಅದರಲ್ಲಿ ಓದುಗರು ನಿಂತಿರುವ ಜಾಗ ಕಾಣುತ್ತದೆ, ಮೆಚ್ಚುಗೆಗೂ ಅಸಮಾಧಾನಕ್ಕೂ ಪುಸ್ತಕದೊಳಗಿನ ಆಧಾರವಿದೆ, ನಗು ಬರುತ್ತಿದ್ದದ್ದು ನಿಂತಿತೆಂಬ ಬದಲಾವಣೆಯ ದಾಖಲೆಯಿದೆ, ಮತ್ತು ಬೇರೆಯವರು ಉತ್ತರಿಸಬಹುದಾದ ಒಂದು ಪ್ರಶ್ನೆಯಿದೆ. ಮುಖ್ಯವಾಗಿ, ಚೆನ್ನಿಗರಾಯನ ಬಗ್ಗೆ ಹೇಳಿದ್ದು ತೀರ್ಪಾಗಿಲ್ಲ. 'ಈವರೆಗೆ' ಎಂಬ ಭಾವ ಅದರ ಹಿಂದಿದೆ. "ಪಾತ್ರಚಿತ್ರಣ ದುರ್ಬಲವಾಗಿದೆ" ಎಂದು ಬರೆದಿದ್ದರೆ ಅದು ಅರ್ಧ ಓದಿದವರಿಗಿಲ್ಲದ ಅಧಿಕಾರವನ್ನು ಚಲಾಯಿಸಿದಂತಾಗುತ್ತಿತ್ತು.

ಬಾಯಿಮಾತಿನಲ್ಲಿ ಹೇಳುವಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ಮೊಬೈಲಿನಲ್ಲಿ ಬರೆದು ಕಳುಹಿಸುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಎದುರಿನವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಟೈಪ್ ಮಾಡಲು ಕಷ್ಟಪಡುವ ಹಿರಿಯರು ಧ್ವನಿ ಸಂದೇಶ ಕಳುಹಿಸಲಿ, ಆದರೆ ಎರಡು ಮೂರು ನಿಮಿಷಕ್ಕೆ ಮುಗಿಸಲಿ.

ಯಾವುದನ್ನು ಹೇಳಬಾರದು

ಕತೆಯ ಗುಟ್ಟು ಬಿಟ್ಟುಕೊಡಬಾರದೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ, ಆದರೆ ಗುಟ್ಟು ಯಾವುದೆಂಬುದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಭೈರಪ್ಪನವರದೇ 'ಪರ್ವ'ವನ್ನು (1979) ತೆಗೆದುಕೊಂಡರೆ ಯುದ್ಧದಲ್ಲಿ ಯಾರು ಗೆಲ್ಲುತ್ತಾರೆಂಬುದನ್ನು ಮುಚ್ಚಿಡುವುದು ಹಾಸ್ಯಾಸ್ಪದ. ಮಹಾಭಾರತ ಗೊತ್ತಿಲ್ಲದ ಕನ್ನಡಿಗರು ಯಾರಿದ್ದಾರೆ? ಅಲ್ಲಿ ಮುಚ್ಚಿಡಬೇಕಾದದ್ದು ಗೊತ್ತಿರುವ ಘಟನೆಗೆ ಲೇಖಕರು ಕೊಟ್ಟ ಹೊಸ ಕಾರಣ, ಪವಾಡವನ್ನು ತೆಗೆದುಹಾಕಿ ಅದರ ಜಾಗದಲ್ಲಿ ಇಟ್ಟ ಮಾನುಷ ವಿವರಣೆ. ಆದರೆ ಕಾದಂಬರಿ ಮದ್ರದೇಶದ ಮುದಿ ಶಲ್ಯನಿಂದ ಆರಂಭವಾಗುತ್ತದೆಂದು ಹೇಳಬಹುದು, ಹೇಳಬೇಕು ಕೂಡ. ಅದರಿಂದ ಕುತೂಹಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ, 'ಮಲೆಗಳಲ್ಲಿ ಮದುಮಗಳು' ಓದುತ್ತಿರುವವರಿಗೆ ಗುತ್ತಿಯ ನಾಯಿ ಹುಲಿಯನ ಬಗ್ಗೆ ಅವರಾಗಿಯೇ ಓದಿ ತಿಳಿಯುವವರೆಗೆ ಒಂದು ಮಾತನ್ನೂ ಆಡಬಾರದು. ಈ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ನಿಲುವು.

ಕಥಾಸಂಕಲನವಾದರೆ ಮುಗಿಸಿದ ಕತೆಗಳ ಬಗ್ಗೆ ಧಾರಾಳವಾಗಿ ಮಾತಾಡಬಹುದು, ಆದರೆ ನಾಲ್ಕು ಕತೆ ಓದಿ ಇಡೀ ಸಂಕಲನದ ಗುಣ ಹೇಳಬಾರದು. ಕವಿತೆಗೆ ಗುಟ್ಟಿನ ಭಯವಿಲ್ಲ. ಇತಿಹಾಸ, ವಿಜ್ಞಾನ, ಕೃಷಿಯ ಪುಸ್ತಕಗಳಲ್ಲಿ ಅರ್ಧಕ್ಕೇ ಲೇಖಕರ ವಾದವನ್ನು ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ಬೇಡ. ಅವರ ಆಧಾರಗಳು ಮುಂದಿನ ಅಧ್ಯಾಯದಲ್ಲಿರಬಹುದು.

ಮೆಚ್ಚಿದ ಪುಟಗಳ ಚಿತ್ರಗಳನ್ನು ಸಾಲಾಗಿ ತೆಗೆದು ಕಳುಹಿಸುವುದು, ಪುಸ್ತಕದ ಪಿಡಿಎಫ್ ಹಂಚುವುದು ಅಭಿಪ್ರಾಯ ಹಂಚಿಕೆಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ನ್ಯಾಯಯುತವಾಗಿ ಉಲ್ಲೇಖಿಸಲು ಅವಕಾಶ ಕೊಡುತ್ತದೆ, ಇಡೀ ಕೃತಿಯ ನಕಲಿಗಲ್ಲ. ಲೇಖಕರು ತೀರಿಕೊಂಡ ಮೇಲೆಯೂ 60 ವರ್ಷ ಹಕ್ಕು ಉಳಿದಿರುತ್ತದೆ; 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ ಅದು 2054ರ ಕೊನೆಯವರೆಗೆ ಇರುತ್ತದೆ.

ನಮ್ಮೂರಿನ ಪುಸ್ತಕ ಓದುವಾಗ

ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು ಬದುಕಿ, 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಂದಲೇ ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೆಸರಿನಲ್ಲೇ ಹೇಮಾವತಿ ದಡದ ಆ ಊರಿದೆ. ಇಂಥ ಲೇಖಕರನ್ನು ಇಲ್ಲಿಯೇ ಕುಳಿತು ಓದುವಾಗ ಅಭಿಪ್ರಾಯದೊಳಕ್ಕೆ ಊರು ನುಗ್ಗಿಬಿಡುತ್ತದೆ. ಅದನ್ನು ತಡೆಯುವ ಅಗತ್ಯವಿಲ್ಲ, ಬಳಸುವ ಕ್ರಮ ಗೊತ್ತಿರಬೇಕು.

ಬಳಕೆಗೆ ಬರುವುದು ನಿಮ್ಮ ನೆಲದ ಅರಿವು. ಮೂಡಿಗೆರೆ ಸುತ್ತಿನ ಮಳೆಗಾಲ, ದಿನಗಟ್ಟಲೆ ಹೋಗುವ ಕರೆಂಟು, ಜಿಗಣೆ ಹತ್ತುವ ಕಾಲುದಾರಿ, ಕಾಡಿನ ಅಂಚಿನ ತೋಟ — ಇವುಗಳ ನಡುವೆ ಬೆಳೆದವರು ತೇಜಸ್ವಿಯವರ 'ಕರ್ವಾಲೊ' (1980) ಓದುತ್ತ "ಈ ಭಾಗದಲ್ಲಿ ಕಾಡು ಹೊಕ್ಕಾಗ ದಿಕ್ಕು ತಪ್ಪುವುದು ಹೀಗೆಯೇ" ಎಂದು ಹೇಳಿದರೆ ಅರಸೀಕೆರೆ ಕಡೆಯ ಬಯಲಿನ ಓದುಗರಿಗೆ ಪುಟ ತೆರೆದುಕೊಳ್ಳುತ್ತದೆ. ಕೊಪ್ಪ, ಶೃಂಗೇರಿ ಕಡೆಯವರಿಗೆ ಬಿಡಾರ, ಹಕ್ಕಲು ಎಂದರೆ ವಿವರಣೆ ಬೇಡ, ಬಯಲುಸೀಮೆಯವರಿಗೆ ಬೇಕು. ಹಾಗೆಯೇ ಚನ್ನರಾಯಪಟ್ಟಣ ಕಡೆಯವರು 'ಗೃಹಭಂಗ'ದ ಮಾತಿನ ಧಾಟಿಯನ್ನು ಜೋರಾಗಿ ಓದಿ ತೋರಿಸಿದರೆ ಮಲೆನಾಡಿನವರಿಗೆ ಆ ಬೈಗುಳಗಳ ಏರಿಳಿತ ಕಿವಿಗೆ ಸಿಗುತ್ತದೆ.

ತೊಡಕಾಗುವುದು ಪಾತ್ರಗಳನ್ನು ಊರಿನ ಜನರೊಂದಿಗೆ ಹೊಂದಿಸುವ ಚಟ. 'ಕರ್ವಾಲೊ'ದ ಮಂದಣ್ಣ ಯಾರು, ಪ್ಯಾರ ಯಾರು, ಅವರ ಮನೆ ಎಲ್ಲಿತ್ತು ಎಂದು ಹುಡುಕಲು ಹೊರಟರೆ ಕಾದಂಬರಿ ಮಾಯವಾಗಿ ಊರ ಪಂಚಾಯಿತಿ ಉಳಿಯುತ್ತದೆ. "ಈ ಪಾತ್ರ ಇಂಥವರ ಅಜ್ಜನೇ" ಎಂಬ ಮಾತಿಗೆ ಹೆಚ್ಚಿನ ಸಂದರ್ಭಗಳಲ್ಲಿ ಆಧಾರವಿರುವುದಿಲ್ಲ. ಆ ಮನೆಯವರ ಕಿವಿಗೆ ಬಿದ್ದರೆ ನೋವಂತೂ ಆಗುತ್ತದೆ. ಲೇಖಕರನ್ನು ಕಂಡಿದ್ದೆ, ಅವರ ಜೊತೆ ಚಹ ಕುಡಿದಿದ್ದೆ ಎಂಬ ನೆನಪುಗಳನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಅದೇ ರೀತಿ "ಆ ದಾರಿಯಲ್ಲಿ ಹಾಗೆ ಹೋದರೆ ಆ ಊರು ಸಿಗುವುದೇ ಇಲ್ಲ" ಎಂದು ಕಾದಂಬರಿಯ ಭೂಗೋಳವನ್ನು ತಿದ್ದುವವರಿಗೂ ಒಂದು ಮಾತು: ಲೇಖಕರು ದಾರಿಯನ್ನು ಕತೆಗೆ ತಕ್ಕಂತೆ ತಿರುಗಿಸಿಕೊಂಡಿರುತ್ತಾರೆ. ಏಕೆ ತಿರುಗಿಸಿದರು ಎಂದು ಕೇಳಿದರೆ ಅದೂ ಒಳ್ಳೆಯ ಅಭಿಪ್ರಾಯವೇ.

ಯಾರೊಂದಿಗೆ, ಎಲ್ಲಿ, ಯಾವಾಗ

ನಾಲ್ಕೈದು ಜನ ಸಾಕು. ಎಲ್ಲರೂ ಒಂದೇ ಪುಸ್ತಕ ಓದಬೇಕೆಂಬ ನಿಯಮ ಬೇಡ, ಏಕೆಂದರೆ ಒಂದೇ ಪುಸ್ತಕದ ಐದು ಪ್ರತಿಗಳನ್ನು ಗ್ರಂಥಾಲಯದಲ್ಲಿ ಹುಡುಕುವುದರಲ್ಲಿಯೇ ಉತ್ಸಾಹ ಇಳಿದುಹೋಗುತ್ತದೆ. ತಾವು ಓದುತ್ತಿರುವುದನ್ನು ಪ್ರತಿಯೊಬ್ಬರೂ ತರಲಿ; ಒಬ್ಬರಿಗೆ ಹತ್ತು ನಿಮಿಷ, ಅದರಲ್ಲಿ ಒಂದು ಪುಟವನ್ನು ಗಟ್ಟಿಯಾಗಿ ಓದುವುದು ಕಡ್ಡಾಯ. ಹೀಗೆ ಓದುವ ಪುಟವೇ ಅಭಿಪ್ರಾಯಕ್ಕೆ ಸಾಕ್ಷಿ. ಹಾಸನದವರಿಗೆ ಮಹಾರಾಜ ಪಾರ್ಕಿನ ನೆರಳಿದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರವೆಂದು ಕರೆಯುವುದು, ಇದಕ್ಕೆ ತಕ್ಕ ಜಾಗ. ತೋಟದ ಮನೆಯ ಜಗಲಿಯಾದರೆ ಕಾಫಿಯ ಚಿಂತೆಯೂ ಇಲ್ಲ.

ದಿನ ಗೊತ್ತುಮಾಡುವಾಗ ಊರಿನ ಕೆಲಸದ ಲೆಕ್ಕ ನೋಡಬೇಕು. ನವೆಂಬರಿನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೋಬಸ್ಟಾ. ಆಗ ಬೆಳೆಗಾರರ ಗಮನವೆಲ್ಲ ಆಳುಗಳ ಮೇಲೆ, ಕಣದಲ್ಲಿ ಹರಡಿದ ಹಣ್ಣಿನ ಮೇಲೆ. ದೀಪಾವಳಿಯ ಸುಮಾರಿಗೆ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನದೊಳಗೆ ಸಭೆ ಕರೆದರೆ ಬರುವವರು ದಾರಿಯಲ್ಲೇ ಉಳಿಯುತ್ತಾರೆ. ಓದಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲವೇ ಹೊಂದುತ್ತದೆ, ಆದರೆ ಮಲೆನಾಡಿನ ಭಾಗದಲ್ಲಿ ಆಗ ಓಡಾಟ ಕಷ್ಟ. ಆ ತಿಂಗಳುಗಳಲ್ಲಿ ಫೋನಿನ ಮೂಲಕ ಮಾತುಕತೆ ನಡೆಸಿ, ಮಳೆ ಬಿಟ್ಟ ಮೇಲೆ ಎದುರುಬದುರು ಕೂರಬಹುದು.

ಸಭೆಯಲ್ಲಿ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ಓದಿ ಮುಗಿಸಿದವರು ಓದುತ್ತಿರುವವರಿಗೆ ಉತ್ತರಿಸುವ ರೀತಿ ಇಲ್ಲಿ ಸೂಕ್ಷ್ಮವಾದದ್ದು. ಕಿರಿಯ ಓದುಗಳೊಬ್ಬಳು "ಮೇಷ್ಟ್ರೇ, ನೂರೈವತ್ತು ಪುಟವಾದರೂ ಕತೆ ಶುರುವಾದಂತೆಯೇ ಇಲ್ಲವಲ್ಲ" ಎಂದಾಗ, ನಿವೃತ್ತ ಮೇಷ್ಟ್ರು "ನಿನಗೆ ತಾಳ್ಮೆ ಇಲ್ಲಮ್ಮ, ಮುಂದೆ ಓದು" ಎಂದುಬಿಟ್ಟರೆ ಮುಂದಿನ ಸಲ ಆಕೆ ಬಾಯಿ ಬಿಡುವುದಿಲ್ಲ. "ಯಾವ ಪುಟದಲ್ಲಿ ಹಾಗನ್ನಿಸಿತಮ್ಮ, ಅದನ್ನೇ ಓದು ನೋಡೋಣ" ಎಂದರೆ ಇಬ್ಬರೂ ಪುಸ್ತಕದ ಮುಂದೆ ಸಮನಾಗಿ ಕೂರುತ್ತಾರೆ. ಮುಗಿಸಿದವರು "ಕೊನೆಗೆ ಗೊತ್ತಾಗುತ್ತದೆ" ಎಂದು ಮುಗುಳ್ನಗುವುದನ್ನೂ ಬಿಡಬೇಕು. ಆ ನಗುವೂ ಅರ್ಧ ಗುಟ್ಟನ್ನು ಬಿಟ್ಟುಕೊಟ್ಟಂತೆಯೇ.

ಓದು ನಿಂತುಹೋದರೆ, ಮುಗಿದರೆ

ಪುಸ್ತಕವನ್ನು ಅರ್ಧಕ್ಕೇ ಬಿಟ್ಟವರು ಸಂಕೋಚದಿಂದ ಸುಮ್ಮನಿರುತ್ತಾರೆ, ಅದರ ಅಗತ್ಯವಿಲ್ಲ. ಎಲ್ಲಿ ಬಿಟ್ಟಿರಿ, ಯಾವ ಕಾರಣಕ್ಕೆ ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು. ಕಾರಣ ಪುಸ್ತಕದ್ದೋ ನಿಮ್ಮ ಸಂದರ್ಭದ್ದೋ ಎಂಬುದನ್ನು ಬೇರ್ಪಡಿಸಿ ಹೇಳಿ. ಮನೆಯಲ್ಲಿ ಸಾವಾದ ವಾರದಲ್ಲಿ ಸಾವಿನ ಕಾದಂಬರಿ ಓದಲಾಗದಿದ್ದರೆ ಅದು ಕಾದಂಬರಿಯ ದೋಷವಲ್ಲ.

ಮುಗಿಸಿದವರು ಹಳೆಯ ಚೀಟಿಗಳನ್ನು ತಿದ್ದಬಾರದು. ಚೀಟಿಯ ಕೆಳಗೆ ಹೊಸ ದಿನಾಂಕ ಹಾಕಿ, ಯಾವ ಊಹೆ ನಿಜವಾಯಿತು, ಯಾವ ಅಸಮಾಧಾನ ಕರಗಿತು, ಯಾವುದು ಹಾಗೆಯೇ ಉಳಿಯಿತು ಎಂದು ಎರಡು ಮೂರು ಸಾಲು ಸೇರಿಸಿ. ಮುಂದಿನ ಸಭೆಯಲ್ಲಿ ಮೊದಲಿನ ಮಾತನ್ನೂ ಈಗಿನದನ್ನೂ ಒಟ್ಟಿಗೆ ಓದಿ ಹೇಳಿ. ಚೆನ್ನಿಗರಾಯನ ಬಗ್ಗೆ ಕೇಳಿದ್ದ ಪ್ರಶ್ನೆಗೆ ನಿಮಗೆ ಸಿಕ್ಕ ಉತ್ತರವನ್ನು, ಅದೇ ಪುಸ್ತಕವನ್ನು ಇನ್ನೂ ಓದುತ್ತಿರುವವರು ಆ ಸಭೆಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ತಿಳಿಸಿ. ಗ್ರಂಥಾಲಯದ ಪ್ರತಿಯಾಗಿದ್ದರೆ ಚೀಟಿಗಳನ್ನೆಲ್ಲ ಹೊರತೆಗೆದಿಟ್ಟುಕೊಂಡು ಪುಸ್ತಕವನ್ನು ಅವಧಿಯೊಳಗೆ ಹಿಂದಿರುಗಿಸಿ, ಮುಂದಿನ ಓದುಗರು ಯಾರೆಂದು ಸಭೆಯಲ್ಲಿ ಮೊದಲೇ ಮಾತಾಗಿದ್ದರೆ ಅವರಿಗೆ ಒಂದು ಫೋನ್ ಮಾಡಿ.